ನಕ್ಷತ್ರಗಣನೆಯೂ ಚಿತ್ರವಿಮರ್ಶೆಯೂ

ಚಲನಚಿತ್ರವೊಂದರ ಯೋಗ್ಯತೆಯನ್ನು ನಕ್ಷತ್ರಗಳ ಸಂಖ್ಯೆಯಿಂದ ಸಾರುವ ಪದ್ಧತಿ ಯಾವ ಆಲಂಕಾರಿಕನ ಚಿಂತನದಿಂದಲೂ ಹುಟ್ಟಿದುದಲ್ಲ. ಯಾವ ವಿಶ್ವವಿದ್ಯಾನಿಲಯದ ಪೀಠದಿಂದ ಇಳಿದು ಬಂದುದೂ ಅಲ್ಲ. ಅದು ಹುಟ್ಟಿದುದು ಮೂಕಿ ಚಿತ್ರಗಳ ಕಾಲ ಇನ್ನೂ ಪೂರ್ತಿ ಮುಗಿಯದಿದ್ದಾಗ, ನ್ಯೂಯಾರ್ಕ್ ನಗರದಲ್ಲಿ, ನೆಲದಡಿಯ ರೈಲಿನ ಸಂದಣಿಯಲ್ಲಿ ನಿಂತುಕೊಂಡೇ ಓದಲು ಅನುಕೂಲವಾಗುವಂತಹ ಸಣ್ಣ ಆಕಾರದ ದಿನಪತ್ರಿಕೆಯೊಂದರ ಪುಟದಲ್ಲಿ. ‘ಡೈಲಿ ನ್ಯೂಸ್’ ಎಂಬ ಆ ಪತ್ರಿಕೆಯ ವಿಮರ್ಶಕಿ ಐರೀನ್ ಥೈರರ್ ಅವರು 1928ರ ಜುಲೈ 31ರಂದು ‘ದಿ ಪೋರ್ಟ್ ಆಫ್ ಮಿಸ್ಸಿಂಗ್ ಗರ್ಲ್ಸ್’ ಎಂಬ ಚಿತ್ರಕ್ಕೆ ಒಂದೇ ಒಂದು ನಕ್ಷತ್ರವನ್ನು ದಯಪಾಲಿಸಿದರು. ಮೂರು ನಕ್ಷತ್ರಗಳಾದರೆ ಉತ್ಕೃಷ್ಟ, ಎರಡಾದರೆ ಒಳ್ಳೆಯದು, ಒಂದಾದರೆ ಸಾಧಾರಣ, ಒಂದೂ ಇಲ್ಲದಿದ್ದರೆ ಕೆಟ್ಟದ್ದು: ಇಷ್ಟೇ ಅಂದಿನ ಶಾಸ್ತ್ರ. ಆ ಚಿತ್ರವನ್ನು ಇಂದು ನೆನೆಯುವವರು ಯಾರೂ ಇಲ್ಲ. ಅದರ ತಲೆಯ ಮೇಲೆ ಕುಳಿತ ನಕ್ಷತ್ರದ ಸಂತತಿ ಮಾತ್ರ ಭೂಮಂಡಲವನ್ನೆಲ್ಲ ವ್ಯಾಪಿಸಿ, ನಮ್ಮ ಶನಿವಾರದ ಪತ್ರಿಕೆಗಳಲ್ಲಿಯೂ ಅಂಗೈಯ ಮೊಬೈಲಿನ ಪರದೆಯಲ್ಲಿಯೂ ಮಿನುಗುತ್ತಲಿದೆ.

ಈ ಪದ್ಧತಿಯನ್ನು ಹೀಯಾಳಿಸುವುದು ಸುಲಭ, ಹೀಯಾಳಿಸಿದವರೂ ಬಹುಮಂದಿ. ನಾನು ಆ ಗುಂಪಿಗೆ ಸೇರಿದವನಲ್ಲ. ದಿನವೆಲ್ಲ ದುಡಿದು ದಣಿದವನೊಬ್ಬನು ತನ್ನ ಹಣವನ್ನೂ ಸಂಜೆಯನ್ನೂ ಯಾವ ಚಿತ್ರಮಂದಿರದಲ್ಲಿ ವ್ಯಯಮಾಡಲಿ ಎಂದು ಕೇಳಿದರೆ, ಅವನ ಮುಂದೆ ಸೌಂದರ್ಯಮೀಮಾಂಸೆಯನ್ನು ಹರಡುವುದು ಸೌಜನ್ಯವಲ್ಲ. ‘ಹೋಗಬಹುದೆ, ಬೇಡವೆ?’ ಎಂಬ ಪ್ರಶ್ನೆಗೆ ನಕ್ಷತ್ರವು ಪ್ರಾಮಾಣಿಕವಾದ ಉತ್ತರ. ತೊಂದರೆಯುಂಟಾದುದು, ಇದಕ್ಕಿಂತ ತೀರ ಬೇರೆಯಾದ ‘ಈ ಚಿತ್ರ ಎಂತಹುದು, ಏನನ್ನು ಮಾಡಿದೆ?’ ಎಂಬ ಪ್ರಶ್ನೆಗೂ ಆ ನಕ್ಷತ್ರವೇ ಉತ್ತರವೆಂದು ಜನರು ಭಾವಿಸತೊಡಗಿದಾಗ. ಮತ್ತು ಒಂದು ಪತ್ರಿಕೆಯ ಒಂದು ಪುಟದಲ್ಲಿ, ಒಬ್ಬ ವಿಮರ್ಶಕನಿಗೂ ಅವನ ನಿತ್ಯದ ಓದುಗರಿಗೂ ನಡುವೆ ಇದ್ದ ಸಂಕೇತವನ್ನು ಅಲ್ಲಿಂದ ಕಿತ್ತು ಬೇರೆ ಪುಟಗಳ ಸಂಕೇತಗಳೊಡನೆ ಕೂಡಿ ಭಾಗಿಸತೊಡಗಿದಾಗ.

ವೃತ್ತಿಯ ವಿಮರ್ಶಕನು ಚಿತ್ರವನ್ನು ನೋಡುವ ಬಗೆಯೇ ನಮ್ಮ ನೋಟಕ್ಕಿಂತ ಭಿನ್ನವಾದುದು. ಬಿಡುಗಡೆಗೆ ಮುನ್ನ ಪತ್ರಕರ್ತರಿಗಾಗಿಯೇ ಏರ್ಪಡಿಸುವ ಪ್ರದರ್ಶನಕ್ಕೆ ಅವನು ಹೋಗುತ್ತಾನೆ. ಅದಿಲ್ಲದಿದ್ದರೆ ಮೊದಲ ದಿನದ ಮಾರ್ನಿಂಗ್ ಶೋಗೆ ಜನರ ನಡುವೆ ಕುಳಿತುಕೊಳ್ಳುತ್ತಾನೆ. ಮುಂಚಿತವಾಗಿ ತೋರಿಸಿದ ಚಿತ್ರವಾದರೆ ಇಂತಹ ದಿನದ ಇಂತಹ ಗಂಟೆಯವರೆಗೆ ಅಭಿಪ್ರಾಯವನ್ನು ಪ್ರಕಟಿಸಕೂಡದೆಂಬ ಕಟ್ಟಳೆಯೂ ಉಂಟು. ಕತ್ತಲೆಯಲ್ಲಿ, ಪರದೆಯಿಂದ ಕಣ್ಣು ಕೀಳದೆ, ಸಾಲಿನ ಮೇಲೆ ಸಾಲು ಬೀಳುವಂತೆ ಅವನು ಗೀಚಿಕೊಂಡ ಟಿಪ್ಪಣಿಗಳನ್ನು ಅವನೇ ಮರುದಿನ ಓದಲಾರನು. ಆದರೂ ಗೀಚುತ್ತಾನೆ, ಏಕೆಂದರೆ ಬರೆಯುವ ಹೊತ್ತಿಗೆ ಬೇಕಾಗುವುದು ‘ಚೆನ್ನಾಗಿತ್ತು’ ಎಂಬ ಸ್ಮರಣೆಯಲ್ಲ, ಯಾವ ದೃಶ್ಯದಲ್ಲಿ ಬೆಳಕು ಎತ್ತಣಿಂದ ಬಿದ್ದಿತು, ಯಾವ ಮಾತಿಗೆ ನಟನು ಮುಖವನ್ನು ತಿರುಗಿಸಿದನು ಎಂಬ ವಿವರ. ವಾರಕ್ಕೆ ಮೂರು ನಾಲ್ಕು ಚಿತ್ರಗಳನ್ನು ಹೀಗೆ ನೋಡಿ, ಕೆಲವು ಗಂಟೆಗಳ ಅವಧಿಯಲ್ಲಿ ಮುನ್ನೂರು ನಾನ್ನೂರು ಪದಗಳನ್ನು ಬರೆದು ಒಪ್ಪಿಸುವುದು ದಿನಪತ್ರಿಕೆಯವನ ಪಾಡು. ಅಷ್ಟರಲ್ಲಿಯೇ ಕಥೆಯ ಸೂಚನೆ ಇರಬೇಕು, ಕಥೆಯ ಗುಟ್ಟು ಹೊರಬೀಳಕೂಡದು. ನಟರ ಹೆಸರು ಬರಬೇಕು, ಅದು ಹಾಜರಿಪಟ್ಟಿಯಾಗಬಾರದು.

ಅವನು ಅಳೆಯುವುದಾದರೂ ಯಾವುದನ್ನು? ಚಿತ್ರಕಥೆ, ನಿರ್ದೇಶನ, ಅಭಿನಯ, ಛಾಯಾಗ್ರಹಣ, ಸಂಗೀತ ಎಂದು ಅಂಗಗಳನ್ನು ಬಿಡಿಸಿಟ್ಟುಕೊಂಡು ಒಂದೊಂದಕ್ಕೂ ಒಂದು ವಾಕ್ಯವನ್ನು ಹಂಚುವ ವಿಮರ್ಶೆಯನ್ನು ನಾವೆಲ್ಲರೂ ಓದಿದ್ದೇವೆ. ಅದು ಮರಣೋತ್ತರ ಪರೀಕ್ಷೆಯ ವರದಿಯೇ ಹೊರತು ವಿಮರ್ಶೆಯಲ್ಲವೆಂದು ನನ್ನ ಅಭಿಪ್ರಾಯ. ಒಂದು ಅಂಗವು ಇನ್ನೊಂದರೊಳಗೆ ಎಷ್ಟರಮಟ್ಟಿಗೆ ಬೆರೆತು ಹೋಗಿರುತ್ತದೆಂದರೆ, ನಟನ ಪ್ರತಿಭೆಯೆಂದು ನಾವು ಕೊಂಡಾಡುವುದು ಅನೇಕ ವೇಳೆ ಸಂಕಲನಕಾರನು ತಕ್ಕ ಕ್ಷಣದಲ್ಲಿ ಆಡಿಸಿದ ಕತ್ತರಿಯ ಕೆಲಸ; ಒಳ್ಳೆಯ ಸಂಕಲನದ ಲಕ್ಷಣವೇ ಅದು ಕಣ್ಣಿಗೆ ಬೀಳದಿರುವುದಾದುದರಿಂದ, ಅದನ್ನು ಕಂಡು ಹೇಳುವುದು ವಿಮರ್ಶಕನ ಕೆಲಸಗಳಲ್ಲೆಲ್ಲ ಕಠಿನವಾದುದು. ಜರ್ಮನ್ ಕವಿ ಗಯಟೆ ಇಟಲಿಯ ನಾಟಕವೊಂದನ್ನು ಕುರಿತು ಬರೆಯುವಾಗ ಮುಂದಿಟ್ಟ ಮೂರು ಪ್ರಶ್ನೆಗಳು ಇಂದಿಗೂ ನುರಿತ ವಿಮರ್ಶಕರಿಗೆ ಆಧಾರವಾಗಿವೆ: ಕೃತಿಕಾರನು ಏನನ್ನು ಸಾಧಿಸಹೊರಟನು, ಆ ಉದ್ದೇಶವು ವಿವೇಕಯುತವಾದುದೆ, ಅದನ್ನು ಎಷ್ಟರಮಟ್ಟಿಗೆ ಸಾಧಿಸಿದನು? ನಗಿಸಲೆಂದೇ ತೆಗೆದ ಚಿತ್ರವನ್ನು ಅಳಿಸಲಿಲ್ಲವೆಂದು ದೂರುವ ಅವಿವೇಕದಿಂದ ಈ ಪ್ರಶ್ನೆಗಳು ನಮ್ಮನ್ನು ಪಾರುಮಾಡುತ್ತವೆ.

ನೋಡುವವನ ಮನಸ್ಸಿನ ಸ್ಥಿತಿಯ ವಿಚಾರದಲ್ಲಿಯಾದರೋ ನಮ್ಮವರ ಮಾತು ಇನ್ನೂ ಸೂಕ್ಷ್ಮವಾದುದು. ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಎಣಿಸುವ ಅಭಿನವಗುಪ್ತನು, ಕಥೆಯು ಸಂಭಾವ್ಯವೆಂದು ತೋರದಿರುವುದು, ಗ್ರಹಿಸುವ ಉಪಾಯಗಳಲ್ಲಿ ಕೊರತೆಯಿರುವುದು, ಸ್ಫುಟತೆ ಇಲ್ಲದಿರುವುದು ಮೊದಲಾದ ದೋಷಗಳ ಜತೆಯಲ್ಲಿಯೇ, ನೋಡುವವನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿ ಕುಳಿತಿರುವುದನ್ನೂ ಸೇರಿಸುತ್ತಾನೆ. ಹಿಂದಿನ ರಾತ್ರಿ ನಿದ್ರೆಯಿಲ್ಲದೆ ಬಂದವನೂ ಅದೇ ದಿನ ಮೂರನೆಯ ಚಿತ್ರವನ್ನು ನೋಡುತ್ತಿರುವವನೂ ಈ ವಿಘ್ನಕ್ಕೆ ಪಕ್ಕಾದವರೇ ಸರಿ. ಸಾವಿರಗಟ್ಟಲೆ ಚಿತ್ರಗಳನ್ನು ನೋಡಿದ ಅನುಭವವು ವಿಮರ್ಶಕನಿಗೆ ಬಲವನ್ನು ಕೊಡುವಂತೆಯೇ ಬೇಸರವನ್ನೂ ಕೊಡುತ್ತದೆ. ನಮಗೆ ಹೊಸತಾಗಿ ಕಂಡುದು ಅವನಿಗೆ ಹಳಸಲಾಗಿ ಕಾಣುವುದಕ್ಕೂ, ತುಸು ವಿಚಿತ್ರವಾದುದೇ ಅವನಿಗೆ ಮಹತ್ತಾಗಿ ಕಾಣುವುದಕ್ಕೂ ಈ ಬೇಸರವೇ ಕಾರಣ.

ಇಪ್ಪತ್ತೇಳು ವರ್ಷಗಳ ಕಾಲ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಚಿತ್ರವಿಮರ್ಶಕರಾಗಿದ್ದ ಬಾಸ್ಲಿ ಕ್ರೌಥರ್ ಅವರ ವೃತ್ತಾಂತವು ಇಲ್ಲಿ ವಿಸ್ತಾರವಾಗಿ ಹೇಳತಕ್ಕುದು. 1940ರಲ್ಲಿ ಆ ಸ್ಥಾನಕ್ಕೆ ಬಂದ ಅವರು ಅಲ್ಪಮತಿಯಾಗಿರಲಿಲ್ಲ. ಇಟಲಿಯ ಹೊಸ ವಾಸ್ತವವಾದಿ ಚಿತ್ರಗಳನ್ನು ಅಮೆರಿಕದವರಿಗೆ ಪರಿಚಯಿಸಿದವರಲ್ಲಿ ಅವರು ಪ್ರಮುಖರು, ಸೆನ್ಸಾರಿನ ದಬ್ಬಾಳಿಕೆಯನ್ನು ಬಹಿರಂಗವಾಗಿ ಎದುರಿಸಿದವರು. 1958ರಲ್ಲಿ ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ ನ್ಯೂಯಾರ್ಕಿಗೆ ಬಂದಾಗ, ಅದರ ಬಂಧ ಸಡಿಲವೆಂದೂ ನಡೆ ಆಲಸ್ಯದ್ದೆಂದೂ, ಹಾಲಿವುಡ್ಡಿನ ಸಂಕಲನಕಾರರು ಅದನ್ನು ಕಚ್ಚಾ ಪ್ರತಿಯೆಂದು ಕೂಡ ಒಪ್ಪುವುದು ಕಷ್ಟವೆಂದೂ ಅವರು ಬರೆದರು. ಹಾಗೆ ಬರೆಯುತ್ತಲೇ, ಚಿತ್ರ ಮುಂದುವರಿದಂತೆ ಅದರ ಕರುಣವು ಮನಸ್ಸನ್ನು ಹಿಡಿಯುವುದೆಂಬುದನ್ನೂ ಮುಚ್ಚಿಡದೆ ಹೇಳಿದರು. ಚಿತ್ರವು ಅಲ್ಲಿ ಒಂದೇ ಮಂದಿರದಲ್ಲಿ ಸುಮಾರು ಎಂಟು ತಿಂಗಳು ಓಡಿತು. ನನಗೆ ಕುತೂಹಲಕರವೆನಿಸುವುದು ಅವರ ತೀರ್ಪು ತಪ್ಪಿದುದಲ್ಲ. ತೀರ್ಪು ತಪ್ಪಿದರೂ ಅವರ ವರ್ಣನೆ ತಪ್ಪಾಗಿರಲಿಲ್ಲವೆಂಬುದು. ಬಂಗಾಳದ ಹಳ್ಳಿಯ ಕಾಲಗತಿಯನ್ನು ಹಾಲಿವುಡ್ಡಿನ ಗಡಿಯಾರದಿಂದ ಅಳೆದರೆ ಕಾಣುವುದು ಆಲಸ್ಯವೇ. ಅಂತಹ ಸಾವಧಾನದ ಚಿತ್ರಕ್ಕಾಗಿಯೇ ಹಂಬಲಿಸುತ್ತಿದ್ದ ಓದುಗನಿಗೆ ಆ ನಿಂದೆಯೇ ಆಮಂತ್ರಣವಾಗಿರಲೂ ಸಾಕು.

ಇದೇ ಕ್ರೌಥರ್ 1967ರಲ್ಲಿ ‘ಬಾನೀ ಅಂಡ್ ಕ್ಲೈಡ್’ ಚಿತ್ರವನ್ನು ಕಂಡು ಕೆರಳಿದರು. ದರೋಡೆಗಾರರಿಬ್ಬರ ಕಥೆಯನ್ನು ಹಾಸ್ಯವೂ ಕ್ರೌರ್ಯವೂ ಒಂದರ ಬೆನ್ನಿಗೊಂದು ಬರುವಂತೆ ಹೇಳಿದ ಆ ಚಿತ್ರವನ್ನು ಅವರು ಒಂದು ಸಲ ಖಂಡಿಸಿ ಸುಮ್ಮನಾಗಲಿಲ್ಲ. ಮತ್ತೆ ಮತ್ತೆ ಖಂಡಿಸಿದರು. ಓದುಗರ ಪತ್ರಗಳು ಅವರಿಗೆ ವಿರುದ್ಧವಾಗಿ ಬಂದವು. ‘ನ್ಯೂಸ್‌ವೀಕ್’ ಪತ್ರಿಕೆಯ ಜೋ ಮಾರ್ಗನ್‌ಸ್ಟರ್ನ್ ಕೂಡ ಮೊದಲು ಚಿತ್ರವನ್ನು ಹಳಿದವರೇ; ಆದರೆ ಅವರು ಪುನಃ ಹೋಗಿ ಜನರ ನಡುವೆ ಕುಳಿತು ನೋಡಿ, ಮುಂದಿನ ಸಂಚಿಕೆಯಲ್ಲಿಯೇ ತಮ್ಮ ಮೊದಲಿನ ಅಭಿಪ್ರಾಯವನ್ನು ಹಿಂದಕ್ಕೆ ತೆಗೆದುಕೊಂಡರು. ವಿಮರ್ಶಕರ ಇತಿಹಾಸದಲ್ಲಿ ಇಂತಹ ಪ್ರಸಂಗ ಅಪರೂಪ, ಮತ್ತು ನನ್ನ ಗೌರವಕ್ಕೆ ಪಾತ್ರವಾದುದು. ಅದೇ ವರ್ಷದ ಅಕ್ಟೋಬರಿನಲ್ಲಿ ಪಾಲೀನ್ ಕೇಲ್ ಎಂಬಾಕೆ, ಬೇರೊಂದು ಪತ್ರಿಕೆ ನಿರಾಕರಿಸಿದ್ದ ತಮ್ಮ ಸುಮಾರು ಏಳು ಸಾವಿರ ಪದಗಳ ಪ್ರಬಂಧವನ್ನು ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಪ್ರಕಟಿಸಿ, ಪ್ರೇಕ್ಷಕನನ್ನು ನಗಿಸಿ ಆ ನಗೆಯ ನಡುವೆಯೇ ಬೆಚ್ಚಿಬೀಳಿಸುವ ಆ ಚಿತ್ರದ ಕ್ರಮವನ್ನು ಎಳೆ ಎಳೆಯಾಗಿ ಬಿಡಿಸಿಟ್ಟರು. ಚಿತ್ರಕ್ಕೆ ಹತ್ತು ಆಸ್ಕರ್ ನಾಮನಿರ್ದೇಶನಗಳು ದೊರೆತವು; ಕ್ರೌಥರ್ ಅವರ ಸ್ಥಾನಕ್ಕೆ ಬೇರೊಬ್ಬರು ಬಂದರು; ಕೇಲ್ 1968ರಿಂದ 1991ರವರೆಗೆ ‘ನ್ಯೂಯಾರ್ಕರ್’ ಪತ್ರಿಕೆಯ ವಿಮರ್ಶಕಿಯಾಗಿ ಬಾಳಿದರು. ಒಂದು ಚಿತ್ರವನ್ನು ಒಂದೇ ಸಲ ನೋಡುವುದು ಆಕೆಯ ವ್ರತವಾಗಿದ್ದಿತು. ನಕ್ಷತ್ರಗಳನ್ನು ಆಕೆ ಕೊಟ್ಟವರೇ ಅಲ್ಲ. ಕೊಡಲು ಆ ಪತ್ರಿಕೆಯಲ್ಲಿ ಅವಕಾಶವೂ ಇರಲಿಲ್ಲ, ಅವಶ್ಯಕತೆಯೂ ಇರಲಿಲ್ಲ: ಏಳು ಸಾವಿರ ಪದಗಳನ್ನು ಓದಲು ಒಪ್ಪಿದವನು ಟಿಕೆಟ್ಟಿನ ಚಿಂತೆಯನ್ನು ಆಗಲೇ ದಾಟಿದವನು.

ಅಮೆರಿಕದ ಕಥೆ ಹೀಗಾದರೆ, ಪ್ಯಾರಿಸಿನವರು ನಕ್ಷತ್ರವನ್ನು ಪಾಂಡಿತ್ಯದ ಆಟವನ್ನಾಗಿ ಮಾಡಿಕೊಂಡರು. 1951ರಲ್ಲಿ ಆಂದ್ರೆ ಬಜ಼ಾನ್ ಮೊದಲಾದವರು ಸ್ಥಾಪಿಸಿದ ‘ಕಾಯೇ ದ್ಯು ಸಿನೆಮಾ’ ಮಾಸಪತ್ರಿಕೆಯು 1955ರಲ್ಲಿ ‘ಹತ್ತು ಮಂದಿಯ ಸಭೆ’ ಎಂಬ ಹೆಸರಿನ ಕೋಷ್ಟಕವೊಂದನ್ನು ಆರಂಭಿಸಿತು. ಮೇಲೆ ಹತ್ತು ವಿಮರ್ಶಕರ ಹೆಸರುಗಳು, ಬದಿಯಲ್ಲಿ ಆ ತಿಂಗಳ ಚಿತ್ರಗಳು. ಕಪ್ಪು ಚುಕ್ಕೆಯಿದ್ದರೆ ಮನೆಯಿಂದ ಹೊರಡುವ ಶ್ರಮ ಬೇಡ, ನಾಲ್ಕು ನಕ್ಷತ್ರಗಳಿದ್ದರೆ ಮಹಾಕೃತಿ. ಒಂದೇ ಚಿತ್ರದ ಎದುರಿಗೆ ಒಬ್ಬನ ನಾಲ್ಕು ನಕ್ಷತ್ರಗಳೂ ಇನ್ನೊಬ್ಬನ ಕಪ್ಪು ಚುಕ್ಕೆಯೂ ಅಕ್ಕಪಕ್ಕದಲ್ಲಿ ಕುಳಿತಿರುವುದನ್ನು ನೋಡುವುದೇ ಅದರ ಸ್ವಾರಸ್ಯವಾಗಿದ್ದಿತು. ಹತ್ತನ್ನೂ ಕೂಡಿ ಹತ್ತರಿಂದ ಭಾಗಿಸಿದ್ದರೆ ಓದುಗನಿಗೆ ಏನೂ ಉಳಿಯುತ್ತಿರಲಿಲ್ಲ.

ಹತ್ತು ಎಂಬ ಈ ಸಂಖ್ಯೆಯನ್ನು ಕಂಡಾಗಲೆಲ್ಲ ನನಗೆ ಭರತಮುನಿಯ ನೆನಪಾಗುತ್ತದೆ. ನಾಟ್ಯಶಾಸ್ತ್ರದ ಸಿದ್ಧಿಪ್ರಕರಣದಲ್ಲಿ ಪ್ರಯೋಗವನ್ನು ಪರೀಕ್ಷಿಸುವ ಪ್ರಾಶ್ನಿಕರ ಪಟ್ಟಿಯೊಂದಿದೆ: ಯಜ್ಞವನ್ನು ಬಲ್ಲವನು, ನರ್ತಕ, ಛಂದಸ್ಸನ್ನು ಬಲ್ಲವನು, ವೈಯಾಕರಣ, ರಾಜ, ಧನುರ್ವಿದ್ಯೆಯಲ್ಲಿ ನಿಪುಣ, ಚಿತ್ರಕಾರ, ವೇಶ್ಯೆ, ಗಾಯಕ, ರಾಜಸೇವಕ. ಇಲ್ಲಿಯೂ ಹತ್ತು ಮಂದಿಯೇ. ಆದರೆ ಇವರೆಲ್ಲರೂ ಒಂದನ್ನೇ ಅಳೆಯುವವರಲ್ಲ. ಯಜ್ಞದ ದೃಶ್ಯಕ್ಕೆ ಯಜ್ಞವಿದನೇ ಪ್ರಮಾಣ, ಶೃಂಗಾರದ ವ್ಯವಹಾರಕ್ಕೆ ವೇಶ್ಯೆಯೇ ಪ್ರಮಾಣ, ಸ್ವರತಾಳಗಳಿಗೆ ಗಾಯಕ, ದೀರ್ಘವಾದ ಪಾಠ್ಯಕ್ಕೆ ವೈಯಾಕರಣ. ಅರಮನೆಯ ಉಪಚಾರ ಸರಿಯಾಗಿ ನಡೆಯಿತೆ ಎಂಬುದನ್ನು ಅಲ್ಲಿಯೇ ಊಳಿಗಮಾಡುವವನು ಹೇಳಬೇಕು. ಪ್ರೇಕ್ಷಕರ ರುಚಿಭೇದವನ್ನೂ ಮುನಿಯು ಮರೆತಿಲ್ಲ: ತರುಣರಿಗೆ ಕಾಮದ ಕಥೆ ಪ್ರಿಯ, ಶೂರರಿಗೆ ವೀರರೌದ್ರಗಳು, ವೃದ್ಧರಿಗೆ ಪುರಾಣ. ಆಸ್ಪತ್ರೆಯ ದೃಶ್ಯವನ್ನು ವೈದ್ಯನೂ ನ್ಯಾಯಾಲಯದ ದೃಶ್ಯವನ್ನು ವಕೀಲನೂ ನೋಡಿ ನಗುವ ಚಿತ್ರಗಳು ನಮ್ಮಲ್ಲಿ ಎಷ್ಟಿವೆ ಎಂಬುದನ್ನು ನೆನೆದರೆ, ಇಂದಿನ ಪತ್ರಿಕೆಗಳೂ ಇಂತಹ ಪ್ರಾಶ್ನಿಕರನ್ನು ಆಗಾಗ ಕರೆಯಬಹುದಾಗಿತ್ತೆಂದು ತೋರುತ್ತದೆ. ಒಬ್ಬನೇ ಹತ್ತೂ ಮಂದಿಯ ಕೆಲಸವನ್ನು ಮಾಡಬೇಕಾಗಿರುವುದು ಇಂದಿನ ವಿಮರ್ಶಕನ ದುರ್ವಿಧಿ.

ನಕ್ಷತ್ರದ ಅರ್ಥವು ಸಾಪೇಕ್ಷವೆಂಬುದನ್ನು ಎಲ್ಲರಿಗಿಂತ ನೇರವಾಗಿ ಹೇಳಿದವರು ಚಿಕಾಗೊ ನಗರದ ರೋಜರ್ ಈಬರ್ಟ್. 1967ರಿಂದ ‘ಸನ್-ಟೈಮ್ಸ್’ ಪತ್ರಿಕೆಗೆ ಬರೆದ ಇವರು 1975ರಲ್ಲಿ ಪುಲಿಟ್ಜರ್ ಪ್ರಶಸ್ತಿಯನ್ನು ಪಡೆದ ಮೊದಲನೆಯ ಚಿತ್ರವಿಮರ್ಶಕರು. ಜೀನ್ ಸಿಸ್ಕೆಲ್ ಅವರೊಡನೆ ದೂರದರ್ಶನದಲ್ಲಿ ಹೆಬ್ಬೆರಳನ್ನು ಮೇಲಕ್ಕೋ ಕೆಳಕ್ಕೋ ತೋರಿಸಿ ಮನೆಮಾತಾದವರು. ಅವರ ವಾದ ಇಷ್ಟು: ಅತಿಮಾನುಷ ವೀರನ ಚಿತ್ರ ಹೇಗಿದೆಯೆಂದು ಸ್ನೇಹಿತನು ಕೇಳಿದಾಗ ಅವನು ಅದನ್ನು ಗಂಭೀರವಾದ ದುರಂತ ಚಿತ್ರದೊಡನೆ ಹೋಲಿಸಿ ಹೇಳೆಂದು ಕೇಳುತ್ತಿಲ್ಲ, ಅದೇ ಜಾತಿಯ ಇತರ ಚಿತ್ರಗಳೊಡನೆ ಹೋಲಿಸಿ ಹೇಳೆಂದು ಕೇಳುತ್ತಿದ್ದಾನೆ, ಆದುದರಿಂದ ಒಂದು ಜಾತಿಯಲ್ಲಿ ದೊರೆತ ಮೂರು ನಕ್ಷತ್ರಗಳಿಗೂ ಇನ್ನೊಂದು ಜಾತಿಯಲ್ಲಿ ದೊರೆತ ಮೂರು ನಕ್ಷತ್ರಗಳಿಗೂ ಸಂಬಂಧವಿಲ್ಲ. 2010ರಲ್ಲಿ ‘ದಿ ಹ್ಯೂಮನ್ ಸೆಂಟಿಪೀಡ್’ ಎಂಬ ಜುಗುಪ್ಸೆಯ ಚಿತ್ರ ಬಂದಾಗ, ಈ ವಸ್ತುವಿಗೆ ನಕ್ಷತ್ರದ ಲೆಕ್ಕವೇ ಹೊಂದದೆಂದು ಹೇಳಿ, ಸೊನ್ನೆಯನ್ನು ಕೂಡ ಕೊಡದೆ ಕೈತೊಳೆದುಕೊಂಡರು. ಅರ್ಧ ನಕ್ಷತ್ರವೆಂಬ ಇನ್ನೊಂದು ಚೋದ್ಯವೂ ಉಂಟು. ಎರಡೂವರೆಗೂ ಮೂರಕ್ಕೂ ನಡುವೆ ಇರುವುದು ಅನೇಕ ವೇಳೆ ಗುಣದ ಅಂತರವಲ್ಲ, ದಾಕ್ಷಿಣ್ಯದ ಅಂತರ.

ಇಷ್ಟರವರೆಗೆ ನಕ್ಷತ್ರವು ತನ್ನ ಮನೆಯಲ್ಲಿಯೇ ಇದ್ದಿತು. ಅದನ್ನು ಬೀದಿಗೆ ತಂದುದು ಸಂಕಲಿತ ಅಂಕಗಳ ವ್ಯವಸ್ಥೆ. 1998ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಪ್ರಾರಂಭವಾದ ‘ರಾಟನ್ ಟೊಮ್ಯಾಟೊಸ್’ ಸಂಸ್ಥೆಯು ಪ್ರತಿಯೊಂದು ವಿಮರ್ಶೆಯನ್ನೂ ಅನುಕೂಲವೆಂದೋ ಪ್ರತಿಕೂಲವೆಂದೋ ಎರಡೇ ರಾಶಿಗಳಾಗಿ ವಿಂಗಡಿಸಿ, ನೂರಕ್ಕೆ ಅರವತ್ತರಷ್ಟಾದರೂ ಅನುಕೂಲವಾಗಿದ್ದರೆ ಚಿತ್ರವನ್ನು ತಾಜಾ ಎಂದೂ, ಕಡಿಮೆಯಾದರೆ ಕೊಳೆತದ್ದೆಂದೂ ಸಾರುತ್ತದೆ. ಇದರ ಗಣಿತವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹತ್ತು ವಿಮರ್ಶಕರು ಒಂದು ಚಿತ್ರವನ್ನು ನೋಡಿ ‘ಪರವಾಗಿಲ್ಲ, ಒಮ್ಮೆ ನೋಡಬಹುದು’ ಎಂದರೆ ಆ ಚಿತ್ರಕ್ಕೆ ನೂರಕ್ಕೆ ನೂರು. ಇನ್ನೊಂದು ಚಿತ್ರವನ್ನು ಏಳು ಮಂದಿ ದಶಕದ ಅದ್ಭುತವೆಂದು ಹೊಗಳಿ ಮೂವರು ಕೋಪದಿಂದ ಹೊರನಡೆದರೆ ಅದಕ್ಕೆ ಎಪ್ಪತ್ತು. ಯಾರನ್ನೂ ನೋಯಿಸದ, ಯಾರನ್ನೂ ಅಲುಗಾಡಿಸದ ಸಾಧುಪ್ರಾಣಿಗೆ ಅಗ್ರಪೂಜೆ. ಈ ಶೇಕಡಾವಾರು ಸಂಖ್ಯೆಯು ಚಿತ್ರ ಎಷ್ಟು ಒಳ್ಳೆಯದೆಂಬುದನ್ನಲ್ಲ, ಎಷ್ಟು ಮಂದಿ ಬೇಡವೆನ್ನಲಿಲ್ಲ ಎಂಬುದನ್ನು ಹೇಳುತ್ತದೆ. ಇದನ್ನು ಸಂಸ್ಥೆಯವರು ಬಚ್ಚಿಟ್ಟಿಲ್ಲ, ನೋಡುವವರು ಲಕ್ಷ್ಯಕ್ಕೆ ತಂದುಕೊಳ್ಳುವುದಿಲ್ಲ.

2001ರಲ್ಲಿ ಆರಂಭವಾದ ‘ಮೆಟಾಕ್ರಿಟಿಕ್’ ಇನ್ನೊಂದು ದಾರಿಯನ್ನು ಹಿಡಿಯಿತು. ಅದು ಪ್ರತಿಯೊಂದು ವಿಮರ್ಶೆಯನ್ನೂ ನೂರಕ್ಕೆ ಇಷ್ಟು ಎಂಬ ಅಂಕವಾಗಿ ಪರಿವರ್ತಿಸಿ, ಕೆಲವು ಪತ್ರಿಕೆಗಳಿಗೆ ಹೆಚ್ಚು ತೂಕವನ್ನೂ ಕೆಲವಕ್ಕೆ ಕಡಿಮೆ ತೂಕವನ್ನೂ ಕೊಟ್ಟು ಸರಾಸರಿಯನ್ನು ತೆಗೆಯುತ್ತದೆ. ಯಾರಿಗೆ ಎಷ್ಟು ತೂಕವೆಂಬುದನ್ನು ಹೊರಗೆಡಹುವುದಿಲ್ಲ. ನಕ್ಷತ್ರಗಳನ್ನೇ ಕೊಡದ ವಿಮರ್ಶಕನು ಇದರಿಂದ ತಪ್ಪಿಸಿಕೊಂಡನೆ? ಇಲ್ಲ. ಅವನ ಬರಹವನ್ನು ಅಲ್ಲಿನ ನೌಕರರು ಓದಿ, ಅವನು ಹೇಳಿದುದು ಇಷ್ಟು ಅಂಕಕ್ಕೆ ಸಮನೆಂದು ತಾವೇ ನಿರ್ಧರಿಸುತ್ತಾರೆ. ಹತ್ತು ಮನೆಯ ಸಾರನ್ನು ಒಂದೇ ಕೊಳಗಕ್ಕೆ ಸುರಿದು ರುಚಿ ನೋಡಿದರೆ ಉಪ್ಪು ಸಮವಾಗಿದೆಯೆಂದು ಹೇಳಬಹುದು, ಯಾರ ಮನೆಯ ಸಾರೆಂದು ಹೇಳಲಾಗದು. ಇಂತಹ ಸಂಖ್ಯೆ ನಿರ್ಮಾಪಕರ ನಿದ್ರೆಯನ್ನು ಕೆಡಿಸುವಷ್ಟು ಪ್ರಬಲವಾಗಿರುವುದರಲ್ಲಿ ಆಶ್ಚರ್ಯವಿಲ್ಲ. ಸಂಖ್ಯೆಗೆ ಎದುರು ಮಾತನಾಡುವುದು ವಾಕ್ಯಕ್ಕೆ ಎದುರು ಮಾತನಾಡುವುದಕ್ಕಿಂತ ಯಾವಾಗಲೂ ಕಷ್ಟ.

ಪ್ರಶಂಸೆಯ ಹಸಿವು ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಒಂದು ಉದಾಹರಣೆ ಸಾಕು. 2000ದ ಸುಮಾರಿನಲ್ಲಿ ಕೊಲಂಬಿಯ ಪಿಕ್ಚರ್ಸ್ ಸಂಸ್ಥೆಯ ಜಾಹೀರಾತುಗಳಲ್ಲಿ ಡೇವಿಡ್ ಮ್ಯಾನಿಂಗ್ ಎಂಬ ವಿಮರ್ಶಕನ ಹೊಗಳಿಕೆಯ ನುಡಿಗಳು ಕಾಣಿಸಿಕೊಳ್ಳತೊಡಗಿದವು. ಅವನು ಕನೆಕ್ಟಿಕಟ್ ಸಂಸ್ಥಾನದ ಪುಟ್ಟ ಊರೊಂದರ ವಾರಪತ್ರಿಕೆಯವನೆಂದು ಅಲ್ಲಿ ಬರೆದಿದ್ದಿತು. 2001ರಲ್ಲಿ ‘ನ್ಯೂಸ್‌ವೀಕ್’ ವಿಚಾರಿಸಿದಾಗ ಅಂತಹ ಮನುಷ್ಯನೇ ಇಲ್ಲವೆಂದು ಹೊರಬಿದ್ದಿತು. ಸಂಸ್ಥೆಯ ಪ್ರಚಾರ ವಿಭಾಗದವರೇ ಅವನನ್ನು ಸೃಷ್ಟಿಸಿದ್ದರು. 2005ರಲ್ಲಿ ಪ್ರೇಕ್ಷಕರೊಡನೆ ಹದಿನೈದು ಲಕ್ಷ ಡಾಲರುಗಳಿಗೆ ರಾಜಿಯಾಯಿತು. ಎಲ್ಲ ಚಿತ್ರಗಳನ್ನೂ ಮೆಚ್ಚುವ ವಿಮರ್ಶಕನನ್ನು ಕಲ್ಪಿಸಿಯೇ ಪಡೆಯಬೇಕಾಯಿತಲ್ಲ ಎಂಬುದು ಉಳಿದ ವಿಮರ್ಶಕರಿಗೆ ಸಮಾಧಾನ ತರತಕ್ಕ ಸಂಗತಿ.

ಕಾಲವು ತೀರ್ಪುಗಳನ್ನು ಹೇಗೆ ತಿರುಗಿಸುವುದೆಂಬುದನ್ನು ನೋಡಬೇಕಾದರೆ ಬ್ರಿಟಿಷರ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ನಡೆಸುತ್ತಿರುವ ಮತಗಣನೆಯನ್ನು ನೋಡಬೇಕು. ಹಿಚ್‌ಕಾಕ್ ಅವರ ‘ವರ್ಟಿಗೊ’ 1958ರಲ್ಲಿ ಬಂದಾಗ ವಿಮರ್ಶಕರು ಇಬ್ಬಗೆಯಾಗಿದ್ದರು. 1962ರಲ್ಲಿಯೂ 1972ರಲ್ಲಿಯೂ ಮೊದಲ ಹತ್ತರಲ್ಲಿ ಅದರ ಹೆಸರಿರಲಿಲ್ಲ. 2012ರಲ್ಲಿ ಅದು, ಐವತ್ತು ವರ್ಷ ಸಿಂಹಾಸನದಲ್ಲಿದ್ದ ‘ಸಿಟಿಜನ್ ಕೇನ್’ ಚಿತ್ರವನ್ನು ಇಳಿಸಿ ಮೊದಲನೆಯದಾಯಿತು. 2022ರಲ್ಲಿ ಆ ಸ್ಥಾನವು ಬೆಲ್ಜಿಯಮ್ಮಿನ ಶಾಂಟಾಲ್ ಆಕರ್ಮಾನ್ ಅವರ ‘ಜ಼ಾನ್ ಡೀಲ್ಮನ್’ ಚಿತ್ರಕ್ಕೆ ಹೋಯಿತು. ಕ್ರೌಥರ್ ಅವರಿಗೆ ಆಲಸ್ಯವಾಗಿ ಕಂಡ ‘ಪಥೇರ್ ಪಾಂಚಾಲಿ’ ಅದೇ ಪಟ್ಟಿಯಲ್ಲಿ ಮೂವತ್ತೈದನೆಯದು. ಗೃಹಿಣಿಯೊಬ್ಬಳು ಆಲೂಗಡ್ಡೆಯ ಸಿಪ್ಪೆ ತೆಗೆಯುವುದನ್ನು ಮೂರು ಗಂಟೆಗಳಿಗೂ ಮೀರಿದ ಚಿತ್ರದಲ್ಲಿ ನಿಡಿದಾಗಿ ತೋರಿಸುವ ಆಕರ್ಮಾನ್ ಅವರ ಕೃತಿಗೆ ಶುಕ್ರವಾರದ ವಿಮರ್ಶಕನೊಬ್ಬನು ಎಷ್ಟು ನಕ್ಷತ್ರ ಕೊಡುತ್ತಿದ್ದನೆಂಬುದನ್ನು ಊಹಿಸಿಕೊಳ್ಳಬಹುದು. ಅವನದು ತಪ್ಪೆಂದೂ ಹೇಳಲಾರೆ. ಅವನನ್ನು ಕೇಳಿದ ಪ್ರಶ್ನೆಯೇ ಬೇರೆ.

ನಮ್ಮಲ್ಲಿ ಗಾಂಧಿನಗರದ ಚಿತ್ರಗಳಿಗೆ ನಕ್ಷತ್ರ ಹಂಚುವ ಅಂಕಣಗಳಿಗೆ ಕೊರತೆಯಿಲ್ಲ. ಆದರೆ ಕನ್ನಡಿಗರು ಚಿತ್ರವನ್ನು ನೋಡಲು ಕಲಿತುದರಲ್ಲಿ ಬಹುಪಾಲು ಬೇರೆ ಕಡೆಯಲ್ಲಿ ನಡೆಯಿತು. 1971ರಲ್ಲಿ ಬೆಂಗಳೂರಿನಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿ ಹುಟ್ಟಿತು, 1973ರಲ್ಲಿ ಕೆ. ವಿ. ಸುಬ್ಬಣ್ಣನವರು ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜವನ್ನು ಕಟ್ಟಿ, ಅಡಕೆತೋಟಗಳ ನಡುವಿನ ಹಳ್ಳಿಯಲ್ಲಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿ, ಅವುಗಳ ಮೇಲೆ ಚರ್ಚೆಯನ್ನೂ ಬೆಳೆಸಿದರು. ಬೆಂಗಳೂರಿನಲ್ಲಿದ್ದು ಇಂಗ್ಲಿಷಿನಲ್ಲಿ ಬರೆಯುವ ಎಂ. ಕೆ. ರಾಘವೇಂದ್ರ ಅವರಿಗೆ ಶ್ರೇಷ್ಠ ಚಿತ್ರವಿಮರ್ಶಕನೆಂಬ ರಾಷ್ಟ್ರಪ್ರಶಸ್ತಿ ದೊರೆತಿತು. 2010ರ ಸಾಲಿನ ಪ್ರಶಸ್ತಿಯಲ್ಲಿ ಎನ್. ಮನು ಚಕ್ರವರ್ತಿ ಅವರು ಪಾಲುಗಾರರಾದರು. ಅದಕ್ಕೆ ಹಿಂದಿನ ಸಾಲಿನಲ್ಲಿ ಕೆ. ಪುಟ್ಟಸ್ವಾಮಿಯವರ ‘ಸಿನಿಮಾ ಯಾನ’ವು ಚಲನಚಿತ್ರವನ್ನು ಕುರಿತ ಶ್ರೇಷ್ಠ ಗ್ರಂಥವೆಂದು ಮನ್ನಣೆ ಪಡೆಯಿತು. ಕನ್ನಡ ಚಿತ್ರರಂಗದ ಬೆಳವಣಿಗೆಯನ್ನು ಹೇಳುವ ಆ ಗ್ರಂಥದಲ್ಲಿ ನಕ್ಷತ್ರಗಳನ್ನು ಹುಡುಕಿದರೆ ಸಿಕ್ಕುವುದಿಲ್ಲ. ಈ ವಾರ ಟಿಕೆಟ್ಟು ಕೊಳ್ಳಬೇಕೆ ಬೇಡವೆ ಎಂಬುದಕ್ಕೆ ಪತ್ರಿಕೆಯನ್ನೇ ನೋಡಬೇಕು.